ಹೊರರೋಗಿ ಸ್ತ್ರೀರೋಗ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ಸುರಕ್ಷತೆ

ಬೆಳಗ್ಗೆ ಆಸ್ಪತ್ರೆಗೆ ಬಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರಾತ್ರಿ ತಂಗದೆ ಅದೇ ದಿನ ಮನೆಗೆ ಮರಳುವ ಕ್ರಮಕ್ಕೆ ಹೊರರೋಗಿ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ಇದರ ಬಳಕೆಯ ಹೆಸರು ಡೇ ಕೇರ್. ಸ್ತ್ರೀರೋಗ ವಿಭಾಗದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ, ಗರ್ಭಕೋಶದ ಒಳಪದರ ತೆಗೆದು ಪರೀಕ್ಷಿಸುವುದು, ಮೊದಲ ತಿಂಗಳುಗಳ ಗರ್ಭಪಾತ, ದರ್ಶಕ ತೂರಿಸಿ ಗರ್ಭಕೋಶದ ಒಳಗನ್ನು ನೋಡುವುದು ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವು ಹೆಚ್ಚಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತವೆ, ರಕ್ತಸ್ರಾವ ಕಡಿಮೆ, ಖರ್ಚೂ ಕಡಿಮೆ. ಸರಿಯಾಗಿ ಆಯ್ದ ಆರೋಗ್ಯವಂತ ಮಹಿಳೆಯಲ್ಲಿ ಗಂಭೀರ ತೊಂದರೆ ಅಪರೂಪ. ಆದರೂ ಭಾರತದ ಶಸ್ತ್ರಚಿಕಿತ್ಸಾ ಶಿಬಿರಗಳಲ್ಲಿ ಆರೋಗ್ಯವಂತ ತಾಯಂದಿರು ಇದೇ ಬಗೆಯ ಆಪರೇಷನ್‌ಗಳ ನಂತರ ಸತ್ತಿದ್ದಾರೆ. ಆ ಸಾವುಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಗಳು ಮುಂಚಿನ ತಪಾಸಣೆ, ಉಪಕರಣದ ಶುದ್ಧಿ ಮತ್ತು ನಂತರದ ನಿಗಾಕ್ಕೆ ಸಂಬಂಧಿಸಿದವು. ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿ ಮತ್ತು ಸುತ್ತಲಿನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಕಣ್ಮುಂದೆ ಇಟ್ಟುಕೊಂಡು ಈ ಲೇಖನ ವಿಷಯವನ್ನು ಪರಿಶೀಲಿಸುತ್ತದೆ.

ವ್ಯಾಪ್ತಿ

ಹಳ್ಳಿಯಲ್ಲಿ ಒಬ್ಬಳನ್ನು "ಆಪರೇಷನ್ ಆಗಿದೆಯಾ?" ಎಂದು ಕೇಳಿದರೆ ಬೇರೆ ಅರ್ಥ ಹುಡುಕಬೇಕಿಲ್ಲ, ಅದು ಗರ್ಭನಾಳ ಕಟ್ಟುವ ಸಂತಾನಹರಣ ಶಸ್ತ್ರಚಿಕಿತ್ಸೆ. ಇದರಲ್ಲಿ ಎರಡು ವಿಧಾನಗಳಿವೆ. ಮಿನಿಲ್ಯಾಪ್‌ನಲ್ಲಿ ಕಿಬ್ಬೊಟ್ಟೆಯ ಮೇಲೆ ಚಿಕ್ಕ ಗಾಯ ಮಾಡಿ ನಾಳವನ್ನು ಕಟ್ಟಿ ಕತ್ತರಿಸುತ್ತಾರೆ. ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಅನಿಲ ತುಂಬಿಸಿ, ಹೊಕ್ಕುಳ ಬಳಿಯಿಂದ ದರ್ಶಕ ತೂರಿಸಿ, ನಾಳಕ್ಕೆ ಉಂಗುರ ತೊಡಿಸುತ್ತಾರೆ. ಹೆರಿಗೆಯಾದ ವಾರದೊಳಗೆ ಮಾಡುವುದು ಮಿನಿಲ್ಯಾಪ್. ಆಗ ಬಾಣಂತಿ ಆಸ್ಪತ್ರೆಯಲ್ಲೇ ಇರುತ್ತಾಳೆ. ಹೊರರೋಗಿ ಕ್ರಮದಲ್ಲಿ ಹೆಚ್ಚು ಕಾಣುವುದು ಲ್ಯಾಪ್ರೊಸ್ಕೋಪಿ.

ಡಿ ಅಂಡ್ ಸಿ ಎಂಬುದನ್ನು ಜನ "ಕ್ಲೀನ್ ಮಾಡಿಸುವುದು" ಎನ್ನುತ್ತಾರೆ. ಮುಟ್ಟಿನ ಅತಿಸ್ರಾವದ ಕಾರಣ ತಿಳಿಯಲು ಅಥವಾ ಅರೆಬರೆ ಗರ್ಭಪಾತದ ಉಳಿಕೆ ತೆಗೆಯಲು ಇದನ್ನು ಮಾಡುತ್ತಾರೆ. ಗರ್ಭಪಾತಕ್ಕೆ ಲೋಹದ ಕೆರೆಯುವ ಸಾಧನದ ಬದಲು ಹೀರುವ ವಿಧಾನವೇ ಸುರಕ್ಷಿತ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಸಲಹೆ. ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡರೆ ಆ ಭಾಗವನ್ನು ಶೀತದಿಂದ ಅಥವಾ ಶಾಖದಿಂದ ನಾಶಪಡಿಸುವುದೂ, ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸುವುದೂ ಇದೇ ಗುಂಪಿನ ಚಿಕಿತ್ಸೆಗಳು. ಗರ್ಭಕೋಶವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಕೆಲವು ದೊಡ್ಡ ಕೇಂದ್ರಗಳು ಈಗ ಒಂದೇ ದಿನದಲ್ಲಿ ಮುಗಿಸುತ್ತವೆಯಾದರೂ, ತಾಲ್ಲೂಕು ಮಟ್ಟದಲ್ಲಿ ಅದು ಒಳರೋಗಿ ಚಿಕಿತ್ಸೆಯಾಗಿಯೇ ಉಳಿಯಬೇಕಾದದ್ದು.

ಇತಿಹಾಸ

1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಅರಿವಳಿಕೆಯನ್ನು ಜನರ ಮುಂದೆ ತೋರಿಸಿದ. ಮರುವರ್ಷ ಎಡಿನ್‌ಬರೋದ ಪ್ರಸೂತಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಬಳಸಿದ. ಅದಾದ ಕೆಲವೇ ವಾರಗಳಲ್ಲಿ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಸಮೀಪ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕ್ಲೋರೋಫಾರ್ಮ್‌ನಿಂದ ಮನೆಯಲ್ಲೇ ಸತ್ತಳು. ಆಕೆಗೆ ಆಗಬೇಕಿದ್ದುದು ಕಾಲುಗುರು ತೆಗೆಯುವ ಕೆಲಸ. ಅರಿವಳಿಕೆಯಿಂದಾದ ಸಾವು ಎಂದು ದಾಖಲಾದ ಮೊದಲ ಪ್ರಕರಣಗಳಲ್ಲಿ ಒಂದು ಹೀಗೆ ಹೊರರೋಗಿಯದೇ. ಶಸ್ತ್ರಕ್ರಿಯೆ ಚಿಕ್ಕದಾದ ಮಾತ್ರಕ್ಕೆ ಅರಿವಳಿಕೆಯೂ ಹಗುರವಾಗುವುದಿಲ್ಲ ಎಂಬ ಪಾಠ ಆ ವಿದ್ಯೆಯಷ್ಟೇ ಹಳೆಯದು.

ಕ್ಲೋರೋಫಾರ್ಮ್ ಹೇಗೆ ಕೊಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೈದರಾಬಾದ್ ಸಂಸ್ಥಾನದಲ್ಲಿ 1888 ಮತ್ತು 1889ರಲ್ಲಿ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಉಸಿರಾಟವನ್ನೇ ಗಮನಿಸುತ್ತಿರಬೇಕು ಎಂದು ಅವು ಒತ್ತಿ ಹೇಳಿದವು. ಹೃದಯದ ಮೇಲೆ ಕ್ಲೋರೋಫಾರ್ಮ್ ನೇರ ಪರಿಣಾಮ ಬೀರುವುದಿಲ್ಲ ಎಂಬ ಅವುಗಳ ತೀರ್ಮಾನ ಮುಂದೆ ತಪ್ಪೆಂದು ತಿಳಿದುಬಂತು. ಉಸಿರನ್ನು ಕಾಯಬೇಕೆಂಬ ಮಾತು ಮಾತ್ರ ಇಂದಿಗೂ ನಿಂತಿದೆ. ಆ ಕಾಲದ ಹೈದರಾಬಾದಿನಲ್ಲೇ ಅರಿವಳಿಕೆ ನೀಡುತ್ತಿದ್ದ ಡಾ. ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಗುರುತಿಸುತ್ತಾರೆ.

ಆಪರೇಷನ್ ಮಾಡಿ ಅಂದೇ ಮನೆಗೆ ಕಳುಹಿಸುವುದನ್ನು ಒಂದು ಕ್ರಮವಾಗಿ ಕಟ್ಟಿದವರು ಗ್ಲಾಸ್ಗೋದ ಜೇಮ್ಸ್ ನಿಕೋಲ್. ಮಕ್ಕಳ ಮೇಲೆ ಹೀಗೆ ಮಾಡಿದ ಸುಮಾರು 9,000 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಅವರು 1909ರಲ್ಲಿ ವರದಿ ಮಾಡಿದರು. ತಾಯಂದಿರಿಗೆ ಮನೆಯಲ್ಲಿ ಆರೈಕೆಯ ದಾರಿ ತಿಳಿದಿರಬೇಕು, ದಾದಿಯರು ಮನೆಗೆ ಹೋಗಿ ನೋಡಬೇಕು ಎಂಬುದು ಅವರ ಕ್ರಮದ ಭಾಗವಾಗಿತ್ತು. ಅಮೆರಿಕದಲ್ಲಿ 1970ರಲ್ಲಿ ಫೀನಿಕ್ಸ್ ನಗರದ ಅರಿವಳಿಕೆ ತಜ್ಞರಾದ ವ್ಯಾಲೇಸ್ ರೀಡ್ ಮತ್ತು ಜಾನ್ ಫೋರ್ಡ್ ದಿನದ ಶಸ್ತ್ರಚಿಕಿತ್ಸೆಗೆಂದೇ ಕೇಂದ್ರ ತೆರೆದ ಮೇಲೆ ಈ ಪದ್ಧತಿ ವೇಗವಾಗಿ ಹರಡಿತು.

ಕೋಲಾರ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಮುಂದೆ ನಿಂತು ತೆರೆದ ಇಂಥ ಚಿಕಿತ್ಸಾಲಯಗಳಲ್ಲಿ ಅವು ಜಗತ್ತಿಗೇ ಮೊದಲಿನವು. ಭಾರತದ ಕುಟುಂಬ ಯೋಜನೆ ಕಾರ್ಯಕ್ರಮ 1952ರಲ್ಲಿ ಆರಂಭವಾಯಿತು. ತುರ್ತುಪರಿಸ್ಥಿತಿಯ ವರ್ಷಗಳಲ್ಲಿ ಗಂಡಸರ ಮೇಲೆ ನಡೆದ ಬಲವಂತದ ಸಂತಾನಹರಣ ದೇಶವನ್ನು ನಡುಗಿಸಿತು. 1977ರ ನಂತರ ಗಂಡಸರ ಆಪರೇಷನ್ ರಾಜಕೀಯವಾಗಿ ಮುಟ್ಟಲಾಗದ ವಿಷಯವಾಯಿತು. ಲ್ಯಾಪ್ರೊಸ್ಕೋಪ್ ಭಾರತದ ಹಳ್ಳಿಗಳತ್ತ ಬಂದದ್ದೂ ಸುಮಾರಾಗಿ ಅದೇ ಹೊತ್ತಿಗೆ. ಹೀಗೆ ಕುಟುಂಬ ಯೋಜನೆಯ ಹೊರೆ ಹೆಂಗಸಿನ ಹೊಟ್ಟೆಯ ಮೇಲೆ ಬಂದು ಕೂತಿತು.

ಕೋಲಾರ ಸೀಮೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರು. ದೇಶದ ಸರಾಸರಿ ಸುಮಾರು ಶೇ 38. ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ರಾಜ್ಯದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದನ್ನೂ ಅದೇ ಸಮೀಕ್ಷೆ ದಾಖಲಿಸಿದೆ. ಹೊರರೋಗಿ ಶಸ್ತ್ರಚಿಕಿತ್ಸೆಯ ಸುರಕ್ಷತೆ ಇಲ್ಲಿ ಎಷ್ಟು ದೊಡ್ಡ ಪ್ರಶ್ನೆ ಎಂಬುದು ಈ ಅಂಕಿಗಳನ್ನು ಒಟ್ಟಿಗೆ ಓದಿದಾಗ ತಿಳಿಯುತ್ತದೆ.

ಕೋಲಾರ ಪಟ್ಟಣದಲ್ಲಿ ಜಿಲ್ಲಾಸ್ಪತ್ರೆಯಾದ ಶ್ರೀ ನರಸಿಂಹರಾಜ ಆಸ್ಪತ್ರೆ ಇದೆ. ಜನರ ಬಾಯಲ್ಲಿ ಅದು ಎಸ್‌ಎನ್‌ಆರ್. ಮೆಥಡಿಸ್ಟ್ ಮಿಷನ್‌ನ ಹಳೆಯ ಇಟಿಸಿಎಂ ಆಸ್ಪತ್ರೆಯೂ ಪಟ್ಟಣದಲ್ಲೇ ಇದೆ. ಹೊರವಲಯದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇವೆ. ಕಾಲೇಜು ಆರಂಭವಾದದ್ದು 1986ರಲ್ಲಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬೆಂಗಳೂರು ಕೋಲಾರಕ್ಕೆ ಸುಮಾರು 70 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ಇದು ದೂರದ ಸೀಮೆಯಲ್ಲ. ಆದರೆ ಆಪರೇಷನ್ ಆದ ರಾತ್ರಿ ಹೊಟ್ಟೆ ಉಬ್ಬರಿಸಿಕೊಂಡು ನರಳುವವಳಿಗೆ ದೂರವನ್ನು ಅಳೆಯುವುದು ಹೆದ್ದಾರಿಯಿಂದಲ್ಲ, ಹಳ್ಳಿಯಿಂದ ಹೆದ್ದಾರಿಯವರೆಗಿನ ದಾರಿಯಿಂದ ಮತ್ತು ಆ ಹೊತ್ತಿಗೆ ಸಿಗುವ ಗಾಡಿಯಿಂದ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಹೊರರೋಗಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೂ ಒಂದು ಆಸರೆ.

ಭಾಷೆಯೂ ಇಲ್ಲಿ ಸುರಕ್ಷತೆಯ ವಿಷಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಪಟ್ಟಣಗಳಲ್ಲಿ ದಖನಿ ಉರ್ದು ಆಡುವವರು ಸಾಕಷ್ಟಿದ್ದಾರೆ. ಕನ್ನಡದ ಅರ್ಜಿಗೆ ಹೆಬ್ಬೆಟ್ಟು ಒತ್ತಿದವಳಿಗೆ "ಏನೂ ತಿನ್ನಬೇಡ, ಕುಡಿಯಬೇಡ" ಎಂಬ ಮಾತು ಅವಳ ಮನೆಮಾತಿನಲ್ಲಿ ತಲುಪಿದೆಯೇ ಎಂದು ಯಾರಾದರೂ ಕೇಳಿ ಖಚಿತಪಡಿಸಿಕೊಳ್ಳಬೇಕು.

ಆಯ್ಕೆ ಮತ್ತು ಪೂರ್ವಸಿದ್ಧತೆ

ಯಾರಿಗೆ ಅದೇ ದಿನ ಮನೆಗೆ ಹೋಗಬಹುದಾದ ಚಿಕಿತ್ಸೆ ತಕ್ಕದ್ದು ಎಂಬ ನಿರ್ಧಾರದಲ್ಲೇ ಸುರಕ್ಷತೆಯ ಅರ್ಧ ಅಡಗಿದೆ. ಅರಿವಳಿಕೆ ತಜ್ಞರು 1941ರಿಂದ ಬೆಳೆದುಬಂದ ಎಎಸ್‌ಎ ವರ್ಗೀಕರಣವನ್ನು ಬಳಸುತ್ತಾರೆ. ಯಾವ ಕಾಯಿಲೆಯೂ ಇಲ್ಲದವರು ಮೊದಲ ವರ್ಗ. ಹತೋಟಿಯಲ್ಲಿರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥವು ಇರುವವರು ಎರಡನೆಯ ವರ್ಗ. ತಾಲ್ಲೂಕು ಮಟ್ಟದ ಡೇ ಕೇರ್‌ಗೆ ಈ ಎರಡು ವರ್ಗದವರೇ ತಕ್ಕವರು. ಹೃದಯದ ಕವಾಟದ ತೊಂದರೆ, ಹತೋಟಿಗೆ ಬಾರದ ಉಬ್ಬಸ, ಹಿಂದಿನ ಸಿಸೇರಿಯನ್‌ಗಳಿಂದ ಕರುಳು ಅಂಟಿಕೊಂಡಿರುವ ಶಂಕೆ, ಅತಿಯಾದ ಬೊಜ್ಜು ಇದ್ದರೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದೇ ಸರಿಯಾದ ಚಿಕಿತ್ಸೆ.

ಸಂತಾನಹರಣಕ್ಕೆ ಕೇಂದ್ರ ಸರ್ಕಾರದ ಮಾನದಂಡದಂತೆ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿರಬಾರದು. ಇದು ಅತ್ಯಂತ ಕೆಳಗಿನ ಗೆರೆ, ಗುರಿಯಲ್ಲ. ಆಪರೇಷನ್ ತುರ್ತಿನದಲ್ಲ. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿರುವವಳಿಗೆ ಕಬ್ಬಿಣದ ಮಾತ್ರೆ ಕೊಟ್ಟು, ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ ಒದಗಿಸಿ, ಎರಡು ಮೂರು ತಿಂಗಳು ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಮುಟ್ಟಿನ ದಿನಾಂಕ ಕೇಳಿ, ಶಂಕೆಯಿದ್ದರೆ ಗರ್ಭಪರೀಕ್ಷೆ ಮಾಡಿ, ಆಕೆ ಈಗಾಗಲೇ ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಗರ್ಭಪಾತಕ್ಕೆ ಬಂದವಳ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಗರ್ಭದ ವಾರ ನೋಡಿ ನಿರ್ಧರಿಸುತ್ತಾರೆ.

ಹೊಟ್ಟೆ ಖಾಲಿ ಇರಬೇಕೆಂಬ ನಿಯಮದ ಹಿಂದೆ ಒಂದು ಭಯಾನಕ ಕಾರಣವಿದೆ. ಮತ್ತಿನಲ್ಲಿರುವವರಿಗೆ ಕೆಮ್ಮಿ ಗಂಟಲು ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. 1946ರಲ್ಲಿ ಕರ್ಟಿಸ್ ಮೆಂಡಲ್ಸನ್ ಇದನ್ನು ಹೆರಿಗೆಯ ಹೆಂಗಸರಲ್ಲೇ ವಿವರಿಸಿದರು. ಹಗುರ ಊಟ ಮಾಡಿ 6 ಗಂಟೆ, ಭಾರಿ ಊಟವಾದರೆ 8 ಗಂಟೆ ಕಳೆದಿರಬೇಕು. ಬರೀ ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ನಮ್ಮ ಮನೆಗಳಲ್ಲಿ ತಪ್ಪಾಗುವುದು ಬೆಳಗಿನ ಕಾಫಿಯಲ್ಲಿ. ಹಾಲು ಹೊಟ್ಟೆಯಲ್ಲಿ ಊಟದಂತೆಯೇ ನಿಲ್ಲುತ್ತದೆ. ಅರ್ಧ ಲೋಟ ಹಾಲಿನ ಕಾಫಿ ಕುಡಿದಿದ್ದರೂ 6 ಗಂಟೆ ಕಾಯಬೇಕು. ಬಸ್ಸು ಹತ್ತುವ ಮೊದಲು ಏನಾದರೂ ಬಾಯಿಗೆ ಹಾಕಿಕೊಂಡಿದ್ದರೆ ಅದನ್ನು ಭಯವಿಲ್ಲದೆ ಹೇಳಬಹುದಾದ ವಾತಾವರಣ ಇರಬೇಕು. "ಸುಳ್ಳು ಹೇಳಿದಳು" ಎಂದು ನಂತರ ದೂರುವುದಕ್ಕಿಂತ ನಿಜ ಹೇಳಿದವಳನ್ನು ಗದರದೆ ಕೊನೆಯ ಸರದಿಗೆ ಅಥವಾ ಮರುದಿನಕ್ಕೆ ಮುಂದೂಡುವುದು ಮೇಲು.

ಅರಿವಳಿಕೆಯ ಬಗೆಗಳು

*ಸ್ಥಳೀಯ ಅರಿವಳಿಕೆ.* ಗಾಯ ಮಾಡುವ ಜಾಗಕ್ಕೆ ಅಥವಾ ಗರ್ಭಕೋಶದ ಕೊರಳಿನ ಸುತ್ತ ಲಿಗ್ನೊಕೇನ್ ಚುಚ್ಚುತ್ತಾರೆ. ಮಹಿಳೆ ಎಚ್ಚರವಿರುತ್ತಾಳೆ, ತಾನೇ ಉಸಿರಾಡುತ್ತಾಳೆ, ಬೇಗ ಎದ್ದು ನಡೆಯುತ್ತಾಳೆ. ಮಾನದಂಡಗಳು ಸಂತಾನಹರಣಕ್ಕೆ ಇದನ್ನೇ ಮುಖ್ಯವಾಗಿ ಸೂಚಿಸುತ್ತವೆ. ಇದರಲ್ಲೂ ಮಿತಿ ಮೀರಿದರೆ ಅಪಾಯವಿದೆ. ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಬೇಕು, ಆದ್ದರಿಂದ ತೂಕದ ಯಂತ್ರವೂ ಅರಿವಳಿಕೆಯ ಸಲಕರಣೆಯೇ. 40 ಕಿಲೋ ತೂಗುವ ಕೂಲಿ ಹೆಂಗಸಿಗೂ 70 ಕಿಲೋದವಳಿಗೂ ಒಂದೇ ಅಳತೆ ಸಲ್ಲದು. ತುಟಿ ಜುಮ್ಮೆನ್ನುವುದು, ಕಿವಿ ಗುಂಯ್‌ಗುಟ್ಟುವುದು, ಮಾತು ತೊದಲುವುದು ವಿಷವೇರುತ್ತಿರುವ ಮೊದಲ ಸೂಚನೆಗಳು. ಮುಂದೆ ಫಿಟ್ಸ್ ಬಂದು ಹೃದಯ ನಿಲ್ಲಬಹುದು. ಶೇ 20ರ ಕೊಬ್ಬಿನ ದ್ರಾವಣವನ್ನು ರಕ್ತನಾಳಕ್ಕೆ ಕೊಡುವುದು ಇದಕ್ಕೆ ಈಗ ಒಪ್ಪಿತ ಚಿಕಿತ್ಸೆ.

*ನಿದ್ರೆ ಬರಿಸುವ ಮದ್ದು.* ಸ್ಥಳೀಯ ಅರಿವಳಿಕೆ ಸಾಲದಾದಾಗ ಮಿಡಜೋಲಾಮ್, ಪೆಂಟಜೋಸಿನ್, ಕೆಟಮಿನ್, ಪ್ರೊಪೊಫಾಲ್‌ನಂಥ ಮದ್ದುಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅಪಾಯ ಹೆಚ್ಚಾಗಿ ಅಡಗಿರುವುದು ಇಲ್ಲೇ. ತೂಕಡಿಕೆ ಎಲ್ಲಿ ಮುಗಿದು ಪೂರ್ಣ ಅರಿವಳಿಕೆ ಎಲ್ಲಿ ಶುರುವಾಯಿತು ಎಂಬ ಗಡಿ ಕಣ್ಣಿಗೆ ಕಾಣದು. ಕೆಟಮಿನ್ 1960ರ ದಶಕದಲ್ಲಿ ಬಂದ ಮದ್ದು. ಉಸಿರಾಟವನ್ನೂ ರಕ್ತದೊತ್ತಡವನ್ನೂ ಬಹುಮಟ್ಟಿಗೆ ಉಳಿಸುವುದರಿಂದ ಸಣ್ಣ ಆಸ್ಪತ್ರೆಗಳ ನೆಚ್ಚಿನದಾಯಿತು. ಆದರೆ ಎಚ್ಚರವಾಗುವಾಗ ಭಯಂಕರ ಕನಸು, ಕನವರಿಕೆ ಬರಬಹುದು. ಮುಂಚೆಯೇ ಹೇಳಿಟ್ಟರೆ ಆಕೆಯೂ ಮನೆಯವರೂ ಹೆದರುವುದಿಲ್ಲ. 1986ರ ಸುಮಾರಿಗೆ ಬಳಕೆಗೆ ಬಂದ ಪ್ರೊಪೊಫಾಲ್‌ನಿಂದ ಎಚ್ಚರ ಬೇಗ, ವಾಂತಿ ಕಡಿಮೆ. ಡೇ ಕೇರ್ ಬೆಳೆಯಲು ಅದು ದೊಡ್ಡ ಕಾರಣ. ಅದೇ ಮದ್ದು ಕ್ಷಣಾರ್ಧದಲ್ಲಿ ಉಸಿರು ನಿಲ್ಲಿಸಬಲ್ಲದು. ಹೀಗಾಗಿ ಶಸ್ತ್ರ ಹಿಡಿದವರೇ ಮತ್ತಿನ ಮದ್ದನ್ನೂ ನೋಡಿಕೊಳ್ಳುವಂತಿಲ್ಲ. ಆಕೆಯ ಉಸಿರನ್ನಲ್ಲದೆ ಬೇರೇನನ್ನೂ ನೋಡದ, ಅದಕ್ಕೇ ತರಬೇತಿ ಪಡೆದ ಒಬ್ಬರು ತಲೆಯ ಬಳಿ ಇರಬೇಕು.

*ಬೆನ್ನಿನ ಸೂಜಿ.* ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್ ಅರಿವಳಿಕೆ ಸಿಸೇರಿಯನ್‌ನಿಂದಾಗಿ ಎಲ್ಲರಿಗೂ ಪರಿಚಿತ. ಡೇ ಕೇರ್‌ಗೆ ಇದರ ತೊಡಕು ಸಮಯ. ಕಾಲಿಗೆ ಶಕ್ತಿ ಮರಳಬೇಕು, ಮೂತ್ರ ತಾನಾಗಿ ಹೋಗಬೇಕು, ಅಷ್ಟರಲ್ಲಿ ಸಂಜೆಯಾಗುತ್ತದೆ. ಕೆಲವರಿಗೆ ಎದ್ದು ಕೂತಾಗ ಹೆಚ್ಚಾಗುವ ತಲೆನೋವು ಒಂದೆರಡು ದಿನದ ನಂತರ ಬರುತ್ತದೆ. ತೆಳು ಸೂಜಿ ಬಳಸಿದರೆ ಇದು ಕಡಿಮೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನವಿಡೀ ಬೆನ್ನುನೋವು ಎಂಬ ನಂಬಿಕೆ ಬಲವಾಗಿದೆ. ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಹೆತ್ತ ಮೇಲೆ ವಿಶ್ರಾಂತಿಯಿಲ್ಲದೆ ನೀರು ಹೊತ್ತು, ಹೊಲದಲ್ಲಿ ಬಗ್ಗಿ ದುಡಿದ ಬೆನ್ನು ನೋಯಲು ಸೂಜಿಯೇ ಬೇಕಿಲ್ಲ.

*ಪೂರ್ಣ ಅರಿವಳಿಕೆ.* ದೊಡ್ಡ ಲ್ಯಾಪ್ರೊಸ್ಕೋಪಿಗಳಲ್ಲಿ ಶ್ವಾಸನಾಳಕ್ಕೆ ಕೊಳವೆ ಅಥವಾ ಗಂಟಲಿಗೆ ಮಾಸ್ಕ್ ಇಟ್ಟು ಯಂತ್ರದಿಂದ ಉಸಿರಾಡಿಸುತ್ತಾರೆ. ಬಸ್ ಪ್ರಯಾಣದಲ್ಲಿ ವಾಂತಿಯಾಗುವ ಹೆಂಗಸರಿಗೆ ಅರಿವಳಿಕೆಯ ನಂತರವೂ ವಾಂತಿ ಹೆಚ್ಚು. 1999ರಲ್ಲಿ ಕ್ರಿಶ್ಚಿಯನ್ ಆಪ್ಫೆಲ್ ರೂಪಿಸಿದ ಅಂದಾಜಿನ ಸೂತ್ರದಲ್ಲಿ ಹೆಣ್ಣಾಗಿರುವುದು, ಸಿಗರೇಟು ಸೇದದಿರುವುದು, ಪ್ರಯಾಣದ ವಾಂತಿ ಅಥವಾ ಹಿಂದಿನ ಅರಿವಳಿಕೆಯ ವಾಂತಿ, ನಂತರ ಅಫೀಮು ಬಗೆಯ ನೋವುನಿವಾರಕ ಬೇಕಾಗುವುದು ಎಂಬ ನಾಲ್ಕು ಅಂಶಗಳಿವೆ. ನಮ್ಮ ಹಳ್ಳಿಯ ಹೆಚ್ಚಿನ ಹೆಂಗಸರಲ್ಲಿ ಮೊದಲ ಎರಡಂತೂ ಇದ್ದೇ ಇರುತ್ತವೆ. "ಬಸ್ಸಲ್ಲಿ ಹೋದರೆ ವಾಂತಿ ಬರುತ್ತಾ?" ಎಂಬ ಒಂದು ಪ್ರಶ್ನೆ ಕೇಳಿ ಮುಂಚೆಯೇ ಮದ್ದು ಕೊಟ್ಟರೆ ಅದೇ ದಿನ ಮನೆಗೆ ಹೋಗುವುದು ಸಲೀಸಾಗುತ್ತದೆ.

ಅಮೆರಿಕದ ಹತ್ತು ಆಸ್ಪತ್ರೆಗಳ ಸುಮಾರು 6 ಲಕ್ಷ ಅರಿವಳಿಕೆಗಳನ್ನು ಪರಿಶೀಲಿಸಿದ ಬೀಚರ್ ಮತ್ತು ಟಾಡ್ 1954ರಲ್ಲಿ ಕಂಡದ್ದು ಸುಮಾರು 1,560ಕ್ಕೆ ಒಂದು ಅರಿವಳಿಕೆ ಸಂಬಂಧಿ ಸಾವು. ಇಂದು ಸುಸಜ್ಜಿತ ವ್ಯವಸ್ಥೆಗಳಲ್ಲಿ ಆರೋಗ್ಯವಂತರ ಮಟ್ಟಿಗೆ ಅದು ಲಕ್ಷಕ್ಕೆ ಒಂದರ ಆಸುಪಾಸಿಗೆ ಇಳಿದಿದೆ. ಒಳ್ಳೆಯ ಮದ್ದು, ಒಳ್ಳೆಯ ತರಬೇತಿಯ ಜೊತೆಗೆ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವೂ ಇದಕ್ಕೆ ಕಾರಣ. ಪಲ್ಸ್ ಆಕ್ಸಿಮೀಟರ್‌ನ ಮೂಲತತ್ತ್ವವನ್ನು ಜಪಾನಿನ ತಕುವೊ ಅಯೋಯಗಿ 1970ರ ದಶಕದಲ್ಲಿ ಕಂಡುಹಿಡಿದರು. ಚರ್ಮ ನೀಲಿಯಾಗುವುದನ್ನು ಕಣ್ಣು ಗುರುತಿಸುವ ಮೊದಲೇ ಅದು ಎಚ್ಚರಿಸುತ್ತದೆ; ಕಪ್ಪು ಮೈಬಣ್ಣದಲ್ಲಿ ಮಾತ್ರ ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸಬಹುದು ಎಂಬುದನ್ನು ನೆನಪಿಡಬೇಕು.

ಶಸ್ತ್ರಕ್ರಿಯೆಯ ಅಪಾಯಗಳು

ಲ್ಯಾಪ್ರೊಸ್ಕೋಪಿಯಲ್ಲಿ ಮೊದಲ ಸೂಜಿ ಮತ್ತು ಮೊನಚು ಕೊಳವೆ ಕಣ್ಣಿಗೆ ಕಾಣದ ಜಾಗಕ್ಕೆ ಹೋಗುತ್ತವೆ. ಕರುಳಿಗೋ ದೊಡ್ಡ ರಕ್ತನಾಳಕ್ಕೋ ತಗುಲುವ ಸಾಧ್ಯತೆ ಆಗಲೇ ಹೆಚ್ಚು. ಹೊಟ್ಟೆಗೆ ತುಂಬುವ ಇಂಗಾಲದ ಡೈಆಕ್ಸೈಡ್ ವಪೆಯನ್ನು ಮೇಲೆ ತಳ್ಳಿ ಉಸಿರಾಟವನ್ನು ಬಿಗಿಯಾಗಿಸುತ್ತದೆ, ನಾಡಿಯನ್ನು ಏಕಾಏಕಿ ಇಳಿಸಲೂಬಹುದು. ಆದ್ದರಿಂದ ಒತ್ತಡವನ್ನು ಸಾಮಾನ್ಯವಾಗಿ 15 ಮಿಲಿಮೀಟರ್ ಪಾದರಸದ ಒಳಗೆ ಇರಿಸಿ, ನಿಧಾನವಾಗಿ ತುಂಬಬೇಕು. 2014ರ ಕೊನೆಯಲ್ಲಿ ಒಡಿಶಾದ ಶಿಬಿರವೊಂದರಲ್ಲಿ ಸೈಕಲ್ ಪಂಪಿನಿಂದ ಗಾಳಿ ತುಂಬಿದ್ದು ಸುದ್ದಿಯಾಯಿತು. ಗಾಳಿ ರಕ್ತದಲ್ಲಿ ಸುಲಭವಾಗಿ ಕರಗದು, ಅದರ ಒತ್ತಡಕ್ಕೂ ಅಳತೆಯಿಲ್ಲ. ಆಪರೇಷನ್ ಆದ ಮೇಲೆ ಹೆಗಲು ನೋಯುವುದು ಉಳಿದ ಅನಿಲದಿಂದ. ಒಂದೆರಡು ದಿನದಲ್ಲಿ ಹೋಗುತ್ತದೆ.

ಡಿ ಅಂಡ್ ಸಿ ಮತ್ತು ಗರ್ಭಪಾತದಲ್ಲಿ ಗರ್ಭಕೋಶ ತೂತಾಗುವುದು, ರಕ್ತಸ್ರಾವ, ಉಳಿಕೆಯಿಂದ ಸೋಂಕು ಮುಖ್ಯ ಅಪಾಯಗಳು. ಗರ್ಭಕೋಶ ದರ್ಶನದಲ್ಲಿ ಒಳಗೆ ಹರಿಸುವ ದ್ರವವೇ ರಕ್ತಕ್ಕೆ ಸೇರಿ ತೊಂದರೆ ಕೊಡಬಹುದು. ಹಳೆಯ ಗ್ಲೈಸಿನ್ ದ್ರಾವಣ ಒಂದು ಲೀಟರಿನಷ್ಟು ಹೀರಿಕೊಂಡರೂ ಸೋಡಿಯಂ ಇಳಿದು ಮೆದುಳು ಊದಬಲ್ಲದು. ಸಲೈನ್ ಬಳಸುವ ಹೊಸ ಸಾಧನಗಳಲ್ಲಿ ಈ ಭಯ ಕಡಿಮೆ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಬಂತು ಎಂದು ಒಬ್ಬ ದಾದಿ ಲೆಕ್ಕ ಇಡುತ್ತಲೇ ಇರಬೇಕು.

ಶಿಬಿರಗಳು, ಸಾವುಗಳು, ನಿಯಮಗಳು

2014ರ ನವೆಂಬರ್ 8ರಂದು ಛತ್ತೀಸಗಡದ ಬಿಲಾಸ್‌ಪುರ ಬಳಿ, ಬಳಕೆಯಲ್ಲಿಲ್ಲದ ಆಸ್ಪತ್ರೆ ಕಟ್ಟಡದಲ್ಲಿ, ಒಬ್ಬನೇ ಶಸ್ತ್ರವೈದ್ಯ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಲ್ಯಾಪ್ರೊಸ್ಕೋಪಿ ಸಂತಾನಹರಣ ಮಾಡಿದ. ಮುಂದಿನ ದಿನಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಕೊಟ್ಟ ಮಾತ್ರೆಯಲ್ಲಿ ವಿಷವಿತ್ತೆಂಬ ವಾದವೂ ಸೋಂಕೇ ಕಾರಣವೆಂಬ ವಾದವೂ ನಡೆದವು. ಕಾರಣ ಯಾವುದೇ ಇರಲಿ, ಲೆಕ್ಕವೊಂದನ್ನು ಯಾರು ಬೇಕಾದರೂ ಮಾಡಬಹುದು. ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುವ ಮುನ್ನ ಲ್ಯಾಪ್ರೊಸ್ಕೋಪ್ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ 20 ನಿಮಿಷ ಮುಳುಗಿರಬೇಕು. ಒಂದೇ ಲ್ಯಾಪ್ರೊಸ್ಕೋಪ್ ಇದ್ದರೆ 83 ಮಂದಿಗೆ ಬರೀ ಮುಳುಗಿಸುವ ಸಮಯವೇ 27 ಗಂಟೆ ಮೀರುತ್ತದೆ. ಒಬ್ಬ ವೈದ್ಯ ದಿನಕ್ಕೆ 30 ಮೀರಬಾರದು, ಅದಕ್ಕೆ ಮೂರು ಲ್ಯಾಪ್ರೊಸ್ಕೋಪ್ ಇರಬೇಕು ಎಂಬ ಮಾನದಂಡದ ಅರ್ಥ ಆಗ ತಿಳಿಯುತ್ತದೆ: ಒಂದೊಂದಕ್ಕೆ ಹತ್ತು ಮಂದಿ, ಶುದ್ಧಿಗೆ ಮೂರೂಕಾಲು ಗಂಟೆಗೂ ಹೆಚ್ಚು. ಆ ಸಂಖ್ಯೆ ಕಚೇರಿಯಲ್ಲಿ ಕೂತು ಬರೆದ ಗುರಿಯಲ್ಲ, ದ್ರಾವಣದಲ್ಲಿ ಉಪಕರಣ ಮುಳುಗಿರಬೇಕಾದ ಹೊತ್ತು.

2022ರ ಆಗಸ್ಟ್‌ನಲ್ಲಿ ತೆಲಂಗಾಣದ ಇಬ್ರಾಹಿಂಪಟ್ಟಣದಲ್ಲಿ ಒಂದೇ ದಿನ 34 ಮಹಿಳೆಯರಿಗೆ ಆಪರೇಷನ್ ನಡೆದು ನಾಲ್ವರು ಸತ್ತರು. 2024ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಮಹಿಳೆಯರು ಸೋಂಕಿನಿಂದ ಸತ್ತರು. ಅವರಲ್ಲಿ ಸಂತಾನಹರಣಕ್ಕೆ ಬಂದವಳೂ ಇದ್ದಳು. ಕೋಲಾರದಂತೆ ಪಾವಗಡವೂ ಆಂಧ್ರದ ಗಡಿಗೆ ಅಂಟಿದ ಒಣಸೀಮೆ. ಸಂತಾನಹರಣಕ್ಕೆ ಬಂದ ಇವರಾರೂ ಕಾಯಿಲೆಯೆಂದು ಆಸ್ಪತ್ರೆಗೆ ಬಂದವರಲ್ಲ ಎಂಬುದೇ ಮನಸ್ಸನ್ನು ಕಲಕುವ ಸಂಗತಿ.

ಬಿಹಾರದ ಅರಾರಿಯಾ ಜಿಲ್ಲೆಯಲ್ಲಿ 2012ರ ಜನವರಿಯಲ್ಲಿ ಶಾಲೆಯೊಂದರಲ್ಲಿ 53 ಮಹಿಳೆಯರಿಗೆ ನಡೆದ ಶಿಬಿರದ ವಿರುದ್ಧ ಆರೋಗ್ಯ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. 2016ರ ಸೆಪ್ಟೆಂಬರ್ 14ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಯು.ಯು. ಲಲಿತ್ ಅವರ ಪೀಠ ಮೂರು ವರ್ಷದೊಳಗೆ ಶಿಬಿರ ಪದ್ಧತಿ ನಿಲ್ಲಿಸಿ ಆರೋಗ್ಯ ಕೇಂದ್ರಗಳನ್ನು ಬಲಪಡಿಸಬೇಕು, ಗುರಿಗಳ ಒತ್ತಡ ಇರಬಾರದು, ವಿವರಣೆ ಸ್ಥಳೀಯ ಭಾಷೆಯಲ್ಲಿರಬೇಕು ಎಂದು ಹೇಳಿತು. ಇಂದು ಆಪರೇಷನ್‌ಗಳು ನಿಗದಿತ ದಿನದಂದು ಆಸ್ಪತ್ರೆಯೊಳಗೇ ನಡೆಯಬೇಕು. ಆದರೆ ಕಟ್ಟಡ ಬದಲಾಗಿ ಅವಸರ ಹಾಗೇ ಉಳಿದರೆ ಶಿಬಿರ ಆಸ್ಪತ್ರೆಯೊಳಕ್ಕೆ ಬಂದಿತೆಂದೇ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೂ, ತೊಡಕುಗಳು ಶೇ 11ರಿಂದ 7ಕ್ಕೂ ಇಳಿದವು ಎಂದು 2009ರಲ್ಲಿ ವರದಿಯಾಯಿತು. ಹೆಸರು ಕೇಳುವುದು, ಯಾವ ಆಪರೇಷನ್ ಎಂದು ಗಟ್ಟಿಯಾಗಿ ಹೇಳುವುದು, ಅಲರ್ಜಿ ವಿಚಾರಿಸುವುದು, ಬಟ್ಟೆ ಮತ್ತು ಸೂಜಿ ಎಣಿಸುವುದು ಅದರಲ್ಲಿವೆ. ಇದಕ್ಕೆ ಬೇಕಾದದ್ದು ಒಂದು ಹಾಳೆ, ಎರಡು ನಿಮಿಷ ಮತ್ತು ದಾದಿ ಕೇಳಿದರೆ ವೈದ್ಯರು ನಿಲ್ಲುವ ಸೌಜನ್ಯ.

ಒಪ್ಪಿಗೆ ಮತ್ತು ಕಾನೂನು

ಸಂತಾನಹರಣಕ್ಕೆ ಮಹಿಳೆಯ ಸ್ವಂತ ಒಪ್ಪಿಗೆ ಸಾಕು; ಗಂಡನ ಸಹಿ ಬೇಕಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲೂ 18 ದಾಟಿದವಳ ಒಪ್ಪಿಗೆಯೇ ಅಂತಿಮ. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ, ನಿಗದಿತ ವರ್ಗಗಳಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು. ಕಾನೂನಿನ ಬಾಗಿಲು ತೆರೆದಿದ್ದರೂ ನಾಚಿಕೆ ಮತ್ತು ಭಯದಿಂದ ಅರೆಕಲಿತವರ ಬಳಿ ಹೋದವರೇ ಹೆಚ್ಚು ಅಪಾಯಕ್ಕೆ ಸಿಕ್ಕುತ್ತಾರೆ.

ಅರಿವಳಿಕೆಯಲ್ಲಿರುವವಳು ಬೇಡ ಎನ್ನಲಾರಳು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ, ಲ್ಯಾಪ್ರೊಸ್ಕೋಪಿ ತಪಾಸಣೆಗೆಂದು ಪ್ರಜ್ಞೆ ತಪ್ಪಿಸಿದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ತುರ್ತು ಇಲ್ಲದಾಗ ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ನ್ಯಾಯಾಲಯ ಹೇಳಿತು. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಗುಣಮಟ್ಟಕ್ಕೆ ರಾಜ್ಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ.

ಚೇತರಿಕೆ ಮತ್ತು ಮನೆಯ ದಾರಿ

ಎಚ್ಚರವಾಯಿತೆಂದರೆ ಹೊರಡಬಹುದೆಂದಲ್ಲ. ಸಂತಾನಹರಣದ ನಂತರ ಕನಿಷ್ಠ 4 ಗಂಟೆ ಆಸ್ಪತ್ರೆಯಲ್ಲಿರಬೇಕು. ನಾಡಿ, ಉಸಿರು, ರಕ್ತದೊತ್ತಡಗಳನ್ನು ಆರಂಭದಲ್ಲಿ 15 ನಿಮಿಷಕ್ಕೊಮ್ಮೆ ಬರೆದಿಡಬೇಕು. ಅವು ಸ್ಥಿರವಾಗಿರಬೇಕು, ಆಕೆ ತಲೆಸುತ್ತಿಲ್ಲದೆ ನಡೆಯಬೇಕು, ಮೂತ್ರ ಹೋಗಿರಬೇಕು, ನೋವು ಮತ್ತು ವಾಂತಿ ಹತೋಟಿಯಲ್ಲಿರಬೇಕು, ರಕ್ತಸ್ರಾವ ಹೆಚ್ಚಿರಬಾರದು. ವೈದ್ಯರು ಖುದ್ದು ನೋಡಿ ಕಳುಹಿಸಬೇಕು. ನೆಲದ ಮೇಲೆ ಸಾಲಾಗಿ ಮಲಗಿಸುವುದು ಘನತೆಯ ಜೊತೆಗೆ ಸುರಕ್ಷತೆಗೂ ಕುಂದು. ಮಂಚದ ಮೇಲಿದ್ದವಳ ಬೆರಳಿಗೆ ಮಾಪಕ ಹಾಕುವುದು, ಬೇಕಾದಾಗ ತಲೆ ತಗ್ಗಿಸುವುದು, ವಾಂತಿಯಾದರೆ ಮಗ್ಗುಲಿಗೆ ತಿರುಗಿಸುವುದು ಸುಲಭ.

ಜೊತೆಗೆ ವಯಸ್ಕರೊಬ್ಬರು ಇರಲೇಬೇಕು. ಮತ್ತಿನ ಮದ್ದು ಪಡೆದವಳು 24 ಗಂಟೆ ಸ್ಕೂಟರ್ ಓಡಿಸಬಾರದು, ಒಲೆ ಮತ್ತು ಯಂತ್ರಗಳಿಂದ ದೂರವಿರಬೇಕು, ಜಮೀನಿನದೋ ಸಂಘದ ಸಾಲದ್ದೋ ಕಾಗದಕ್ಕೆ ಸಹಿ ಹಾಕಬಾರದು. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತದಿರುವುದು ಸಾಮಾನ್ಯ ಸಲಹೆ. ಹಾಲಿನ ಡೈರಿಗೆ ಎರಡು ಹೊತ್ತು ಹಾಲು ಹಾಕುವ, ರೇಷ್ಮೆಹುಳುವಿಗೆ ಸೊಪ್ಪು ಹೊರುವ, ಟೊಮ್ಯಾಟೊ ಕೀಳುವ ಕೋಲಾರದ ಹೆಂಗಸಿಗೆ ಈ ಸಲಹೆ ನಿಜವಾಗಬೇಕಾದರೆ ಅದನ್ನು ಅವಳಿಗಷ್ಟೇ ಹೇಳಿದರೆ ಸಾಲದು. ಗಂಡನಿಗೂ ಅತ್ತೆಗೂ ಹೇಳಬೇಕು. ಹೊಟ್ಟೆ ತೆರೆಯದೆ, ಸ್ಥಳೀಯ ಅರಿವಳಿಕೆಯಲ್ಲೇ ಮುಗಿಯುವ ಗಂಡಸರ ವ್ಯಾಸೆಕ್ಟಮಿ ಇದಕ್ಕಿಂತ ಸುರಕ್ಷಿತ ಎಂಬ ಮಾತನ್ನೂ ಅದೇ ಗಂಡನಿಗೆ ಮೊದಲೇ ಹೇಳಿರಬೇಕು.

ಕರುಳಿಗೆ ಆದ ಗಾಯ ಆಪರೇಷನ್ ಮೇಜಿನ ಮೇಲೆ ಕಾಣಿಸದೆ ಎರಡು ಮೂರು ದಿನದ ನಂತರ ಹೊರಬೀಳಬಹುದು. ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಉಬ್ಬರ, ನಿಲ್ಲದ ವಾಂತಿ, ಕೀವು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ತಲೆಸುತ್ತಿ ಬೀಳುವುದು: ಇವುಗಳಲ್ಲಿ ಒಂದು ಕಂಡರೂ ಕಷಾಯ ಮಾಡಿ ಕಾಯದೆ ಆಸ್ಪತ್ರೆಗೆ ಮರಳಬೇಕು. ಇದಕ್ಕಾಗಿಯೇ ಮಾನದಂಡ 48 ಗಂಟೆಯೊಳಗೆ ಮೊದಲ ಭೇಟಿ, ಏಳನೆಯ ದಿನ ಹೊಲಿಗೆ ನೋಡುವ ಭೇಟಿ ಎಂದು ಗೊತ್ತುಮಾಡಿದೆ. ಹುತ್ತೂರಿನಂಥ ಹೋಬಳಿಯಲ್ಲಿ ಆ ಭೇಟಿ ಎಂದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲಿ ನಿಂತು ಜ್ವರ ಇದೆಯೇ, ಹೊಟ್ಟೆ ಮೆತ್ತಗಿದೆಯೇ, ಅನ್ನ ಸೇರುತ್ತಿದೆಯೇ ಎಂದು ಕೇಳುವುದು. ಆ ಮೂರು ಪ್ರಶ್ನೆಗಳಿಗೆ ಉತ್ತರ ಬಂದು, ಅದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಬೆಳಗ್ಗೆ ಶುರುವಾದ ಆ ಆಪರೇಷನ್ ಮುಗಿಯಿತು ಎನ್ನಬಹುದು.